ಅರ್ಜೆಂಟೀನದ ಸೇನಾಪ್ರಭುತ್ವವೂ ಲೋಕದ ವಿಚಾರಣೆಯೂ



ರಾಜ್ಯಶಾಸ್ತ್ರದ ಯಾವುದಾದರೊಂದು ಪ್ರಶ್ನೆಯನ್ನು ಪಂಡಿತರಿಗೆ ಮಾತ್ರವಲ್ಲದೆ ಸಾಮಾನ್ಯ ಶ್ರೋತೃಗಳಿಗೂ ತಿಳಿಯುವಂತೆ ವರ್ಷಕ್ಕೊಮ್ಮೆ ವಿವೇಚಿಸಬೇಕೆಂಬ ಸದಾಶಯದಿಂದ ಏರ್ಪಟ್ಟಿರುವ ಈ ದತ್ತಿಯ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಿದುದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ. ನಾನು ಆರಿಸಿಕೊಂಡಿರುವ ಪ್ರಶ್ನೆ ಇದು: ಒಂದು ದೇಶದಲ್ಲಿ ಸೈನ್ಯವೇ ಪ್ರಭುವಾಗಿ ಕುಳಿತು, ತಾನು ರಕ್ಷಿಸಬೇಕಾದ ಪ್ರಜೆಗಳನ್ನೇ ಹಿಡಿದು, ಹಿಂಸಿಸಿ, ಕೊಂದು, ಕೊಂದುದನ್ನು ಅಲ್ಲಗಳೆಯುತ್ತಿರುವಾಗ ಹೊರಗಿನ ರಾಷ್ಟ್ರಗಳು ಆ ಪ್ರಭುತ್ವವನ್ನು ಪ್ರಶ್ನಿಸುವುದು ನ್ಯಾಯವೆ, ನ್ಯಾಯವಾದರೂ ಅದರಿಂದ ಫಲವುಂಟೆ? ಬೇಲಿಯೇ ಎದ್ದು ಹೊಲ ಮೇಯುವ ಕಾಲದಲ್ಲಿ ನೆರೆಹೊಲದವನು ಕೂಗಿಕೊಂಡರೆ ಅದನ್ನು ಅಧಿಕಪ್ರಸಂಗವೆನ್ನಲಾಗದು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದಂದೇ ಪ್ರಶ್ನೆಯ ಮೊದಲ ಭಾಗಕ್ಕೆ ತತ್ತ್ವತಃ ಉತ್ತರ ದೊರೆತಿದೆ. ಎರಡನೆಯ ಭಾಗಕ್ಕಾದರೋ ತತ್ತ್ವದಿಂದ ಉತ್ತರ ಬಾರದು; ಚರಿತ್ರೆಯಿಂದ ಬರಬೇಕು. ಆದುದರಿಂದ 1976ರಿಂದ 1983ರವರೆಗೆ ಅರ್ಜೆಂಟೀನದಲ್ಲಿ ನಡೆದುದನ್ನು ಈ ಹೊತ್ತು ವಿವೇಚನೆಗೆ ತೆಗೆದುಕೊಳ್ಳುತ್ತೇನೆ.

ಸೇನೆ ಅಧಿಕಾರವನ್ನು ಕಸಿದುಕೊಂಡ ಕಾಲಕ್ಕೆ ಆ ದೇಶದ ಸ್ಥಿತಿ ಸುಖದ್ದಾಗಿರಲಿಲ್ಲವೆಂಬುದನ್ನು ಒಪ್ಪಲೇಬೇಕು. 1974ರ ಜುಲೈ 1ರಂದು ಹುವಾನ್ ಪೆರೋನ್ ತೀರಿಕೊಂಡ ಮೇಲೆ ಅಧ್ಯಕ್ಷ ಪದವಿ ಅವರ ಪತ್ನಿ ಇಸಬೆಲ್ ಪೆರೋನರ ಪಾಲಿಗೆ ಬಂದಿತ್ತು. ಬೆಲೆಗಳು ಕಡಿವಾಣವಿಲ್ಲದೆ ಏರುತ್ತಿದ್ದುವು. ಮೊಂತೊನೇರೊಗಳೇ ಮೊದಲಾದ ಎಡಪಂಥದ ಗೆರಿಲ್ಲಾಗಳು ಅಪಹರಣ, ಬಾಂಬು, ಕೊಲೆಗಳಲ್ಲಿ ತೊಡಗಿದ್ದರೆ, ಸರ್ಕಾರದೊಳಗಿನವರ ಆಶ್ರಯದಲ್ಲಿಯೇ ಬೆಳೆದ ಬಲಪಂಥದ ಹಂತಕರ ತಂಡವೊಂದು ಅವರಿಗೆ ಬಿಟ್ಟುಕೊಡದಂತೆ ರಕ್ತ ಹರಿಸುತ್ತಿತ್ತು. ಇಂತಹ ಸಮಯದಲ್ಲಿ, 1976ರ ಮಾರ್ಚ್ 24ರಂದು, ಭೂಸೇನೆಯ ಹೋರ್ಹೆ ರಫಾಯೆಲ್ ವಿದೆಲಾ, ನೌಕಾಸೇನೆಯ ಎಮಿಲಿಯೊ ಮಸ್ಸೇರಾ, ವಾಯುಸೇನೆಯ ಒರ್ಲಾಂಡೊ ಅಗೋಸ್ತಿ ಎಂಬ ಮೂವರು ದಂಡನಾಯಕರು ಮಂಡಲಿಯಾಗಿ ಕುಳಿತು, ರಾಷ್ಟ್ರದ ಪುನರ್ವ್ಯವಸ್ಥೆ ತಮ್ಮ ಗುರಿಯೆಂದು ಸಾರಿದರು. ಜನರಲ್ಲಿ ಅನೇಕರು ಮೊದಮೊದಲು ನಿಟ್ಟುಸಿರುಬಿಟ್ಟರೆಂಬುದೂ ನಿಜವೇ.

ಆದರೆ ಆ ಮಂಡಲಿ ಹಿಡಿದ ಮಾರ್ಗ ನ್ಯಾಯಾಲಯದ್ದಲ್ಲ, ಯುದ್ಧಭೂಮಿಯದೂ ಅಲ್ಲ. ಮೂರು ವರ್ಷಗಳ ಹಿಂದೆ ನೆರೆಯ ಚಿಲಿಯಲ್ಲಿ ದಂಡನಾಯಕ ಪಿನೋಚೆ ಸಾವಿರಾರು ಮಂದಿಯನ್ನು ಕ್ರೀಡಾಂಗಣದಲ್ಲಿ ತುಂಬಿದುದು ಲೋಕದ ಕಣ್ಣಿಗೆ ಬಿದ್ದು, ಆತನ ಆಡಳಿತ ಅಂದಿನಿಂದಲೂ ನಿಂದೆಗೆ ಗುರಿಯಾಗಿತ್ತು. ಅರ್ಜೆಂಟೀನದ ಸೇನಾಧಿಪತಿಗಳು ಅದರಿಂದ ಕಲಿತ ಪಾಠ ದಯೆಯದಲ್ಲ, ಗೋಪ್ಯದ್ದು. ನಂಬರು ಹಲಗೆಯಿಲ್ಲದ ಮೋಟಾರುಗಳಲ್ಲಿ ಸಾದಾ ಉಡುಪಿನವರು ನಡುರಾತ್ರಿ ಬಂದು ಮನೆಯಿಂದ ಒಬ್ಬನನ್ನು ಎಳೆದೊಯ್ಯುವರು. ಮಾರನೆಯ ಬೆಳಗ್ಗೆ ಪೊಲೀಸು ಠಾಣೆಯಲ್ಲಿ ಕೇಳಿದರೆ ಅಂತಹವನ ಹೆಸರೇ ಅಲ್ಲಿಲ್ಲ. ದಂಡಿನ ಪಾಳೆಯದಲ್ಲಿ ಇಲ್ಲ, ಸೆರೆಮನೆಯಲ್ಲಿ ಇಲ್ಲ, ಶವಾಗಾರದಲ್ಲಿಯೂ ಇಲ್ಲ. ಹೀಗೆ ಹಿಡಿದವರನ್ನಿಟ್ಟ ಗುಪ್ತ ಬಂದೀಗೃಹಗಳು ಮುಂದಿನ ತನಿಖೆಯಲ್ಲಿ ಸುಮಾರು 340 ಎಂದು ಲೆಕ್ಕಕ್ಕೆ ಬಂದುವು. ಬ್ಯೂನಸ್ ಐರಿಸಿನಲ್ಲಿದ್ದ ನೌಕಾಪಡೆಯ ಯಂತ್ರವಿದ್ಯಾ ಶಾಲೆ ಅವುಗಳಲ್ಲಿ ಕುಪ್ರಸಿದ್ಧವಾದುದು. ಅಲ್ಲಿಂದ ಅನೇಕರಿಗೆ ಮಂಪರಿನ ಮದ್ದು ಚುಚ್ಚಿ, ವಿಮಾನದಿಂದ ಜೀವಸಹಿತ ಸಮುದ್ರಕ್ಕೆ ನೂಕಿದರು. ಕೊಲೆಗಾರನಿಗೂ ಲೋಕಾಪವಾದದ ಭಯ ಉಂಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಆ ಭಯವು ಕೊಲೆಯನ್ನು ನಿಲ್ಲಿಸದೆ ಅದನ್ನು ಅದೃಶ್ಯವಾಗಿಸಿತೆಂಬುದನ್ನು ನಾವು ಮೊದಲಿಗೇ ಗಮನಿಸಬೇಕು. ಲೋಕಾಭಿಪ್ರಾಯವು ಕಣ್ಣಿಗೆ ಕಂಡುದನ್ನು ಮಾತ್ರ ಖಂಡಿಸುತ್ತ ಕುಳಿತರೆ, ದುಷ್ಟ ಪ್ರಭುತ್ವವು ಕಾಣದಂತೆ ಕೊಲ್ಲುವುದನ್ನು ಕಲಿಯುತ್ತದೆ.

ಇಂತಹ ಸಂದರ್ಭಗಳಿಗೆಂದೇ ನ್ಯಾಯಶಾಸ್ತ್ರವು ಬಂದೀಪ್ರತ್ಯಕ್ಷೀಕರಣವೆಂಬ ಪರಿಹಾರವನ್ನು, ಹೇಬಿಯಸ್ ಕಾರ್ಪಸ್ ಎಂದು ನಮ್ಮ ವಕೀಲರು ಕರೆಯುವುದನ್ನು, ಇಟ್ಟಿದೆ. ಅರ್ಜೆಂಟೀನದ ತಂದೆತಾಯಿಗಳು ಅಂತಹ ಅರ್ಜಿಗಳನ್ನು ಸಾವಿರಗಟ್ಟಲೆಯಾಗಿ ಸಲ್ಲಿಸಿದರು. ಸೇನೆ ತನ್ನಲ್ಲಿ ಆ ಹೆಸರಿನವರಿಲ್ಲವೆಂದು ಬರೆದು ಕಳುಹಿಸುವುದು, ನ್ಯಾಯಾಧೀಶರು ಅದನ್ನೇ ನಂಬಿದಂತೆ ಮಾಡಿ ಅರ್ಜಿಯನ್ನು ವಜಾ ಮಾಡುವುದು: ಇದು ಅಲ್ಲಿಯ ಪರಿಪಾಠವಾಯಿತು. ಪರದೇಶದ ಕೋರ್ಟುಗಳನ್ನು ಹಳಿಯುವ ಮೊದಲು ನಾವು ನಮ್ಮ ಚರಿತ್ರೆಯನ್ನೂ ನೆನೆಯುವುದು ವಿಹಿತ. ಅದೇ 1976ರ ಏಪ್ರಿಲ್ 28ರಂದು, ಅಲ್ಲಿ ಸೇನೆ ಗದ್ದುಗೆಯೇರಿ ಐದು ವಾರ ತುಂಬಿದಾಗ, ತುರ್ತುಪರಿಸ್ಥಿತಿಯಲ್ಲಿ ಬಂಧಿತನಾದವನಿಗೆ ಆ ಅರ್ಜಿಯ ಹಕ್ಕಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ ಜಬಲ್ಪುರದ ಮೊಕದ್ದಮೆಯಲ್ಲಿ ತೀರ್ಪಿತ್ತಿತು; ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಾಭಿಪ್ರಾಯ ಬರೆದರು. ನಮ್ಮಲ್ಲಿ ಚುನಾವಣೆ ಬಂದು ಆ ಕತ್ತಲೆ ಕಳೆಯಿತು. ಅಲ್ಲಿ ಚುನಾವಣೆಯೇ ಇರಲಿಲ್ಲ.

ದೇಶದೊಳಗಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಕೆಲವು ತಾಯಂದಿರು ಬೀದಿಗೆ ಬಂದರು. 1977ರ ಏಪ್ರಿಲ್ 30ರಂದು ಹದಿನಾಲ್ಕು ಮಂದಿ ಹೆಂಗಸರು ಅಧ್ಯಕ್ಷಭವನದ ಎದುರಿನ ಪ್ಲಾಸಾ ದೆ ಮಾಯೊ ಎಂಬ ಚೌಕದಲ್ಲಿ ಕೂಡಿದರು. ಗುಂಪಾಗಿ ನಿಲ್ಲುವುದು ನಿಷಿದ್ಧ, ನಡೆಯಿರಿ ಎಂದು ಪೊಲೀಸರು ಗದರಿಸಿದ ಕಾರಣ, ಅವರು ಇಬ್ಬಿಬ್ಬರಾಗಿ ತೋಳು ಹಿಡಿದು ಅಲ್ಲಿಯ ಸ್ಮಾರಕಸ್ತಂಭವನ್ನು ಸುತ್ತತೊಡಗಿದರು. ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ ಅದನ್ನೇ ಪ್ರತಿಭಟನೆಯಾಗಿ ಮಾಡಿಕೊಂಡ ಆ ಪ್ರದಕ್ಷಿಣೆ ಪ್ರತಿ ಗುರುವಾರದ ವ್ರತವಾಯಿತು. ಗುರುತಿಗೆಂದು ತಲೆಗೆ ಕಟ್ಟಿಕೊಂಡ ಬಿಳಿಯ ಬಟ್ಟೆ ಮೊದಲಿಗೆ ಎಳೆಮಕ್ಕಳಿಗೆ ಸುತ್ತುವ ಬಟ್ಟೆಯೇ ಆಗಿತ್ತು. ನೌಕಾಪಡೆಯ ಆಲ್ಫ್ರೆದೊ ಆಸ್ತಿಸ್ ಎಂಬ ಅಧಿಕಾರಿ, ಕಾಣೆಯಾದವನೊಬ್ಬನ ತಮ್ಮನೆಂದು ಸುಳ್ಳು ಹೇಳಿ ಅವರ ನಡುವೆ ಸೇರಿಕೊಂಡು, ಡಿಸೆಂಬರಿನಲ್ಲಿ ಅವರಲ್ಲಿ ಕೆಲವರನ್ನು ಹಿಡಿದುಕೊಟ್ಟನು. ಪತ್ರಿಕೆಯಲ್ಲಿ ಕಾಣೆಯಾದವರ ಹೆಸರುಗಳನ್ನು ಹಣ ಕೊಟ್ಟು ಅಚ್ಚುಹಾಕಿಸಿದ ದಿನವೇ, ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10ರಂದೇ, ಆ ತಾಯಂದಿರ ಮುಂದಾಳು ಅಸುಸೇನಾ ವಿಯಾಫ್ಲೋರ್ ಅಪಹೃತರಾದರು. ಅವರ ಅಸ್ಥಿಗಳ ಗುರುತು ಹತ್ತಿದುದು 2005ರಲ್ಲಿ. ಮುಂದಾಳು ಹೋದರೂ ಗುರುವಾರದ ನಡಿಗೆ ನಿಲ್ಲಲಿಲ್ಲ.

ಇನ್ನು ಹೊರಗಿನವರು ಏನು ಮಾಡಿದರೆಂಬುದನ್ನು ನೋಡೋಣ. ಮೊದಲ ವರ್ಷ ಅವರು ಮಾಡಿದುದು ಒತ್ತಡವಲ್ಲ, ಪ್ರೋತ್ಸಾಹ. 1976ರ ಜೂನಿನಲ್ಲಿ ಚಿಲಿಯ ಸಾಂತಿಯಾಗೊದಲ್ಲಿ ಅರ್ಜೆಂಟೀನದ ವಿದೇಶಮಂತ್ರಿಯನ್ನು ಕಂಡ ಅಮೆರಿಕದ ಹೆನ್ರಿ ಕಿಸಿಂಜರ್, ಮಾಡಬೇಕಾದುದನ್ನು ಬೇಗ ಮಾಡಿ ಮುಗಿಸಿರೆಂಬ ಅರ್ಥ ಬರುವಂತೆ ಮಾತನಾಡಿದರೆಂಬುದು ಇಂದು ಬಹಿರಂಗವಾಗಿರುವ ದಾಖಲೆಗಳಲ್ಲಿದೆ. 1977ರ ಜನವರಿಯಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾದ ಮೇಲೆ ಗಾಳಿ ತಿರುಗಿತು. ಮಾನವ ಹಕ್ಕುಗಳ ಶಾಖೆಯನ್ನು ವಹಿಸಿಕೊಂಡ ಪೆಟ್ರೀಶಿಯಾ ಡೇರಿಯನ್ ಎಂಬ ದಿಟ್ಟ ಮಹಿಳೆ ಆ ವರ್ಷ ಬ್ಯೂನಸ್ ಐರಿಸಿಗೆ ಹೋಗಿ ಮಸ್ಸೇರಾನನ್ನು ನೌಕಾಪಡೆಯ ಆ ಶಾಲೆಯಲ್ಲಿಯೇ ಕಂಡರು. ತಾವು ಮಾತನಾಡುತ್ತಿರುವಾಗಲೇ ಇದೇ ಕಟ್ಟಡದ ಕೆಳ ಅಂತಸ್ತಿನಲ್ಲಿ ಯಾರನ್ನೋ ಹಿಂಸಿಸುತ್ತಿರಬಹುದೆಂದು ಅವರು ನೇರವಾಗಿ ಹೇಳಿದಾಗ, ಆತ ನಕ್ಕು, ಕೈತೊಳೆದುಕೊಳ್ಳುವ ಅಭಿನಯ ಮಾಡಿ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನ ಹೆಸರನ್ನೆತ್ತಿದನೆಂದು ಆಕೆ ಮುಂದೆ ಸಾಕ್ಷ್ಯ ನುಡಿದರು. ಅಧಿಕಾರಮದದ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ದೊರೆಯುವುದು ದುರ್ಲಭ.

ಡೇರಿಯನ್‌ರ ಧೈರ್ಯಕ್ಕಿಂತ ಕಡಮೆ ಪ್ರಸಿದ್ಧವಾದುದು, ಫಲದಲ್ಲಿ ಅದಕ್ಕೆ ಕಡಮೆಯಲ್ಲದುದು, ಅಲ್ಲಿಯ ಅಮೆರಿಕದ ದೂತಾವಾಸದಲ್ಲಿ ಟೆಕ್ಸ್ ಹ್ಯಾರಿಸ್ ಎಂಬ ಅಧಿಕಾರಿ ನಡೆಸಿದ ಗುಮಾಸ್ತಗಿರಿ. ಅವರು ದೂತಾವಾಸದ ಬಾಗಿಲನ್ನು ಕಾಣೆಯಾದವರ ಬಂಧುಗಳಿಗೆ ತೆರೆಯಿಸಿ, ಬಂದವರನ್ನು ಕೂರಿಸಿ, ಹೋದವನ ಹೆಸರೇನು, ಎಂದು ಒಯ್ದರು, ಎಲ್ಲಿಂದ ಒಯ್ದರು, ನೋಡಿದವರು ಯಾರು ಎಂದು ಒಂದೊಂದೇ ಚೀಟಿಯಲ್ಲಿ ಬರೆದಿಟ್ಟುಕೊಂಡರು. ಅಂತಹ ಚೀಟಿಗಳು ಸಾವಿರಾರು ಕೂಡಿದುವು. ಎಲ್ಲೋ ಕೆಲವು ಅತಿರೇಕಗಳು ಅಧೀನ ಅಧಿಕಾರಿಗಳ ಅತ್ಯುತ್ಸಾಹದಿಂದ ನಡೆದುವೆಂದು ದಂಡನಾಯಕರು ವಾಷಿಂಗ್ಟನ್ನಿಗೆ ಹೇಳುತ್ತಿದ್ದ ಸಮಾಧಾನವನ್ನು ಆ ಚೀಟಿಗಳು ಒಟ್ಟಾಗಿ ಸುಳ್ಳಾಗಿಸಿದುವು. ಒಂದೇ ರೀತಿಯ ಅಪಹರಣ ದೇಶದ ನಾನಾ ಕಡೆಗಳಲ್ಲಿ ನಡೆದಿರುವಾಗ ಅದು ಅಪ್ಪಣೆಯಿಂದ ನಡೆದುದೆಂದು ಊಹಿಸಲು ಮಹಾಪ್ರಜ್ಞೆ ಬೇಕಾಗಿರಲಿಲ್ಲ.

ಸಂಖ್ಯೆ ಸಿದ್ಧವಾಯಿತು, ಅದನ್ನು ಮುಂದಿಟ್ಟು ಕೇಳಲು ಬಲ ಬೇಕಿತ್ತು. ಪಾರಾನಾ ನದಿಗೆ ಯಾಸಿರೆತಾ ಎಂಬಲ್ಲಿ ಕಟ್ಟಲಿದ್ದ ಜಲವಿದ್ಯುತ್ ಯೋಜನೆಗೆ ಅಲಿಸ್ ಚಾಮರ್ಸ್ ಎಂಬ ಅಮೆರಿಕದ ಕಂಪನಿಯಿಂದ ಟರ್ಬೈನುಗಳನ್ನು ಕೊಳ್ಳಲು ಅಮೆರಿಕದ ಸರ್ಕಾರಿ ಬ್ಯಾಂಕಿನಿಂದ ಸುಮಾರು 27 ಕೋಟಿ ಡಾಲರುಗಳ ಸಾಲ ಬರಬೇಕಾಗಿತ್ತು. 1978ರಲ್ಲಿ ಮಾನವ ಹಕ್ಕುಗಳ ಕಾರಣವನ್ನೊಡ್ಡಿ ಆ ಸಾಲವನ್ನು ತಡೆಹಿಡಿದರು. ಅಮೆರಿಕದ ಕಾಂಗ್ರೆಸ್ಸು ಹಿಂದಿನ ವರ್ಷವೇ ಮಾಡಿದ್ದ ಕಾನೂನಿನ ಪ್ರಕಾರ ಅಕ್ಟೋಬರ್ ಒಂದರಿಂದ ಆಯುಧಗಳ ಮಾರಾಟವೂ ನಿಲ್ಲಬೇಕಿತ್ತು. ಸೆಪ್ಟೆಂಬರಿನಲ್ಲಿ ನೂತನ ಪೋಪರ ಪದವೀಸ್ವೀಕಾರಕ್ಕೆಂದು ರೋಮಿಗೆ ಬಂದಿದ್ದ ವಿದೆಲಾನನ್ನು ಅಮೆರಿಕದ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಕಂಡರು. ಅಂತರ-ಅಮೆರಿಕ ಮಾನವ ಹಕ್ಕುಗಳ ಆಯೋಗವನ್ನು ವಿದೆಲಾ ದೇಶದೊಳಕ್ಕೆ ಬರಗೊಡಬೇಕು, ಸಾಲಕ್ಕೆ ಅಡ್ಡಿ ಹೋಗಬೇಕು: ಒಪ್ಪಂದದ ತಿರುಳು ಇಷ್ಟೇ. ಧರ್ಮಕಾರ್ಯವನ್ನು ವ್ಯಾಪಾರದಿಂದ ಸಾಧಿಸಿದರೆಂದು ಮೂಗು ಮುರಿಯುವವರಿರಬಹುದು. ಆದರೆ ಬರಿಯ ಖಂಡನೆಯ ನಿರ್ಣಯಗಳಿಂದ ತೆರೆಯದ ಬಾಗಿಲು, ಪ್ರಭುತ್ವಕ್ಕೆ ಬೇಕಾದ ವಸ್ತುವೊಂದನ್ನು ಕೈಯಲ್ಲಿ ಹಿಡಿದು ಕೇಳಿದಾಗ ತೆರೆಯಿತೆಂಬುದು ಸಂಗತಿ.

ಆಯೋಗವು 1979ರ ಸೆಪ್ಟೆಂಬರ್ 6ರಿಂದ 20ರವರೆಗೆ ಅರ್ಜೆಂಟೀನದಲ್ಲಿತ್ತು. ಅದರ ಅಧ್ಯಕ್ಷರು ವೆನೆಜುವೆಲಾದ ಆಂದ್ರೆಸ್ ಆಗಿಲಾರ್. ಅತಿಥಿಗಳ ಆಗಮನಕ್ಕೆ ಪ್ರಭುತ್ವ ಮಾಡಿಕೊಂಡ ಸಿದ್ಧತೆ ವರ್ಣನೀಯವಾದುದು. ಆಗಸ್ಟಿನಲ್ಲಿಯೇ ಮಾನವ ಹಕ್ಕುಗಳ ಸಂಘಗಳ ಕಚೇರಿಗಳಿಗೆ ಪೊಲೀಸರು ನುಗ್ಗಿ ಕಾಗದಪತ್ರಗಳನ್ನು ಹೊತ್ತೊಯ್ದರು. ತಾವು ನ್ಯಾಯವಂತರೂ ಮಾನವೀಯರೂ ಎಂದು ಅರ್ಜೆಂಟೀನದವರು ತಾವೇ ಹೊಗಳಿಕೊಳ್ಳುವ ಅಂಟುಚೀಟಿಗಳು ಮೋಟಾರುಗಳ ಗಾಜಿನ ಮೇಲೆ ಕಾಣಿಸಿಕೊಂಡುವು. ನೌಕಾಪಡೆಯ ಶಾಲೆಯಲ್ಲಿ, ಬದುಕಿ ಹೊರಬಂದ ಬಂದಿಗಳ ಹೇಳಿಕೆಗೆ ಕಟ್ಟಡ ತಾಳೆಯಾಗಬಾರದೆಂದು, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲನ್ನು ಮುಚ್ಚಿಸಿದರು, ಲಿಫ್ಟನ್ನು ಕಿತ್ತುಹಾಕಿಸಿದರು. ಉಳಿದಿದ್ದ ಬಂದಿಗಳನ್ನು ನದಿಯ ಮುಖಜಭೂಮಿಯ ಒಂದು ದ್ವೀಪಕ್ಕೆ, ಹಿಂದೆ ಚರ್ಚಿನವರಿಗೆ ಸಂಬಂಧಿಸಿದ್ದ ಒಂದು ವಿಶ್ರಾಂತಿಸ್ಥಾನಕ್ಕೆ, ಸಾಗಿಸಿದರು. ಇಷ್ಟು ಸಾಲದೆಂದು, ಆಯೋಗ ಇನ್ನೂ ಊರಲ್ಲಿರುವಾಗಲೇ, ಕಾಣೆಯಾದವರನ್ನು ಮೃತರೆಂದು ಘೋಷಿಸಲು ಅನುವಾಗುವ ಕಾನೂನೊಂದನ್ನು ಹೊರಡಿಸಿದರು.

ದೂರುಗಳನ್ನು ಸ್ವೀಕರಿಸುವ ಕಚೇರಿ ಆವೆನಿದಾ ದೆ ಮಾಯೊ ಎಂಬ ರಾಜಬೀದಿಯಲ್ಲಿತ್ತು. ಸೆಪ್ಟೆಂಬರ್ 7ರಂದು ಅದರ ಮುಂದೆ ಬಂಧುಗಳ ಸಾಲು ಬೆಳೆದು ನಿಂತಿದ್ದಿತು. ಅದೇ ದಿವಸ ಟೋಕಿಯೊದಲ್ಲಿ ಕಿರಿಯರ ವಿಶ್ವ ಫುಟ್‌ಬಾಲ್ ಪಂದ್ಯದ ಅಂತಿಮ ಆಟ. ಹದಿನೆಂಟು ವಯಸ್ಸಿನ ಮರಡೋನಾ ಇದ್ದ ಅರ್ಜೆಂಟೀನದ ತಂಡ ಸೋವಿಯೆತ್ ತಂಡವನ್ನು 3-1ರಿಂದ ಸೋಲಿಸಿತು. ಹೊಸೆ ಮರಿಯಾ ಮುನ್ಯೋಸ್ ಎಂಬ ಜನಪ್ರಿಯ ವೀಕ್ಷಕವಿವರಣೆಗಾರನು, ಎಲ್ಲರೂ ಆವೆನಿದಾ ದೆ ಮಾಯೊಗೆ ಬಂದು ಕುಣಿಯಿರಿ, ಅರ್ಜೆಂಟೀನದ ನಿಜವಾದ ಮುಖ ಯಾವುದೆಂಬುದನ್ನು ಆಯೋಗದವರಿಗೆ ತೋರಿಸಿರಿ, ಎಂದು ರೇಡಿಯೊದಲ್ಲಿ ಕರೆಕೊಟ್ಟನು. ಬಾವುಟ ಬೀಸುತ್ತ ಹಾಡುತ್ತ ಬಂದ ಜನರ ಹೊನಲು, ಮಕ್ಕಳ ಭಾವಚಿತ್ರ ಹಿಡಿದು ನಿಂತಿದ್ದ ತಾಯಂದಿರ ಸಾಲಿನ ಪಕ್ಕದಲ್ಲಿ ಹರಿಯಿತು. ಹಿಂದಿನ ವರ್ಷ, 1978ರ ಜೂನ್ 25ರಂದು, ಹಿರಿಯರ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದ ಕ್ರೀಡಾಂಗಣವೂ ನೌಕಾಪಡೆಯ ಆ ಶಾಲೆಗೆ ಕೂಗಳತೆಯ ದೂರದಲ್ಲಿದ್ದು, ಜಯಘೋಷ ಬಂದಿಗಳ ಕಿವಿಗೂ ಬಿದ್ದಿತ್ತು. ಆಟದ ಸಂಭ್ರಮವನ್ನು ನಾನು ದೂಷಿಸುವವನಲ್ಲ. ಜನರ ಸಹಜವಾದ ಸಂತೋಷವನ್ನೂ ಪ್ರಭುತ್ವ ತೆರೆಯಾಗಿ ಬಳಸಬಲ್ಲುದೆಂಬುದು ಇಲ್ಲಿಯ ಪಾಠ. ಆ ದಿವಸ ತೆರೆ ಸಾಕಾಗಲಿಲ್ಲ. ಸಾಲು ಕರಗಲಿಲ್ಲ. ಆಯೋಗಕ್ಕೆ ಒಟ್ಟು 5,580 ದೂರುಗಳು ಬಂದುವು. ಅವುಗಳಲ್ಲಿ 4,153 ಹೊಸವು. ಎರಡು ವಾರಗಳಲ್ಲಿ ಇಷ್ಟು ಮಂದಿ ಸೇನೆಯ ಕಣ್ಣೆದುರಿಗೇ ಬಂದು ಹೆಸರು ಬರೆಸಿದುದು ಅಲ್ಲಿಯವರೆಗೆ ಆ ದೇಶದಲ್ಲಿ ನಡೆಯದ ಸಂಗತಿ.

1980ರ ಏಪ್ರಿಲಿನಲ್ಲಿ ಸಿದ್ಧವಾದ ಆಯೋಗದ ವರದಿ, ಕಾಣೆಯಾದವರ ಹೊಣೆ ಸರ್ಕಾರದ್ದೆಂದು ಸ್ಪಷ್ಟವಾಗಿ ಹೇಳಿತು. ಅರ್ಜೆಂಟೀನದಲ್ಲಿ ಅದರ ಪ್ರಕಟಣೆಗೆ ಎಡೆಯಿರಲಿಲ್ಲ. ತಮ್ಮ ಮಗಳನ್ನು ಕಳೆದುಕೊಂಡಿದ್ದ ಎಮಿಲಿಯೊ ಮಿನ್ಯೋನೆ ಎಂಬ ವಕೀಲರು ಪ್ರತಿಗಳನ್ನು ಗುಟ್ಟಾಗಿ ದೇಶದೊಳಕ್ಕೆ ತಂದರು. ಓದಿದವರು ನಕಲು ಮಾಡಿ ಹಂಚಿದರು. ಸರ್ಕಾರಗಳ ಸಭೆಯಲ್ಲಿ ಮಾತ್ರ ವರದಿಗೆ ದೊರೆತ ಗೌರವ ಅಲ್ಪವಾದುದು. ಆ ನವೆಂಬರಿನಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಮಹಾಸಭೆ ಕೂಡಿದಾಗ ಅರ್ಜೆಂಟೀನವು ಸಂಘಟನೆಯನ್ನೇ ಬಿಟ್ಟುಹೋಗುವ ಬೆದರಿಕೆ ಹಾಕಿ, ನಿರ್ಣಯದ ಮಾತುಗಳನ್ನು ಮೆತ್ತಗಾಗಿಸಿಕೊಂಡಿತು. ಜಿನೀವಾದಲ್ಲಿ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ, ಕಮ್ಯೂನಿಸಮ್ಮಿನ ವಿರುದ್ಧ ಸಮರ ಹೂಡಿದ್ದೇವೆಂದು ಹೇಳಿಕೊಳ್ಳುತ್ತಿದ್ದ ಈ ದಂಡನಾಯಕರ ಬೆಂಬಲಕ್ಕೆ ಸೋವಿಯೆತ್ ಒಕ್ಕೂಟವೇ ನಿಂತಿತು. ಅಫ್ಘಾನಿಸ್ತಾನದ ಆಕ್ರಮಣಕ್ಕಾಗಿ ಕಾರ್ಟರ್ ಧಾನ್ಯವನ್ನು ತಡೆದ ಮೇಲೆ ಮಾಸ್ಕೋಗೆ ಗೋಧಿ, ಜೋಳ ಮಾರುತ್ತಿದ್ದುದು ಅರ್ಜೆಂಟೀನ. ಧಾನ್ಯದ ಹಡಗಿನ ಮುಂದೆ ಸಿದ್ಧಾಂತವು ತಲೆಬಾಗಿತು. ಆದರೂ ಒಂದು ಕೆಲಸ ಆಯಿತು: ಒಂದು ದೇಶದ ಹೆಸರನ್ನು ಎತ್ತಲಾಗದವರು ಅಪರಾಧದ ಹೆಸರನ್ನು ಎತ್ತಿ, 1980ರ ಫೆಬ್ರವರಿಯಲ್ಲಿ, ಬಲಾತ್ಕಾರದಿಂದ ಕಾಣೆಯಾಗಿಸಲ್ಪಟ್ಟವರ ವಿಚಾರಕ್ಕೆಂದೇ ಒಂದು ಕಾರ್ಯತಂಡವನ್ನು ಸ್ಥಾಪಿಸಿದರು. ಅದು ಇಂದಿಗೂ ಎಲ್ಲ ದೇಶಗಳ ದೂರುಗಳನ್ನೂ ಸ್ವೀಕರಿಸುತ್ತಿದೆ.

ಈಗ ಫಲದ ಪ್ರಶ್ನೆಗೆ ಬರೋಣ. ಹೊರಗಿನ ಒತ್ತಡದಿಂದ ಸರ್ವಾಧಿಕಾರ ಬಿದ್ದಿತೆ? ಬೀಳಲಿಲ್ಲ. 1981ರಲ್ಲಿ ರೇಗನ್ ಬಂದೊಡನೆ ವಾಷಿಂಗ್ಟನ್ನಿನ ಮುಖಭಾವ ಮತ್ತೆ ಸೌಮ್ಯವಾಯಿತು. ಸೇನಾಪ್ರಭುತ್ವ ಬಿದ್ದುದು ತನ್ನದೇ ದುಡುಕಿನಿಂದ. 1982ರ ಏಪ್ರಿಲ್ 2ರಂದು ಮಾಲ್ವಿನಾಸ್, ಅಂದರೆ ಫಾಕ್‌ಲೆಂಡ್, ದ್ವೀಪಗಳ ಮೇಲೆ ದಂಡೆತ್ತಿ ಹೋಗಿ, ಜೂನ್ 14ರಂದು ಬ್ರಿಟಿಷರಿಗೆ ಶರಣಾಗಿ, ಮಾನ ಕಳೆದುಕೊಂಡ ಮೇಲೆ. ಕೊಲೆಗಳಾದರೂ ನಿಂತುವೆ? 1978ರ ಅನಂತರ ಅಪಹರಣಗಳು ಬಹಳ ಇಳಿದುವು. ಆದರೆ ಹಿಡಿಯಬೇಕೆಂದಿದ್ದವರಲ್ಲಿ ಬಹುಮಂದಿ ಅಷ್ಟುಹೊತ್ತಿಗೆ ಹತರಾಗಿದ್ದರೆಂಬುದನ್ನು ಮರೆತು ಒತ್ತಡಕ್ಕೇ ಎಲ್ಲ ಯಶಸ್ಸನ್ನೂ ಕೊಡುವುದು ಸತ್ಯಕ್ಕೆ ದೂರ. ಅಪಹೃತರಾದ ಇಬ್ಬರು ಫ್ರೆಂಚ್ ಸನ್ಯಾಸಿನಿಯರಿಗಾಗಿ ಫ್ರಾನ್ಸು ಕೇಳಿತು, ಹದಿಹರೆಯದ ತರುಣಿಯೊಬ್ಬಳಿಗಾಗಿ ಸ್ವೀಡನ್ ವರ್ಷಗಟ್ಟಲೆ ಕೇಳಿತು. ಅವರಲ್ಲಿ ಯಾರೂ ಜೀವಸಹಿತ ಹಿಂದಿರುಗಲಿಲ್ಲ. ಆದರೆ ಹೆಸರು ಹಿಡಿದು ಕೇಳಿದುದರಿಂದ ಉಳಿದವರೂ ಉಂಟು. ಲಾ ಒಪಿನಿಯೊನ್ ಪತ್ರಿಕೆಯ ಸಂಪಾದಕ ಹಾಕೊಬೊ ತಿಮರ್ಮನ್, 1977ರಲ್ಲಿ ಅಪಹೃತರಾಗಿ ಹಿಂಸೆಗೊಳಗಾದವರು, ಆಯೋಗ ಹಿಂದಿರುಗಿದ ಕೆಲವೇ ದಿನಗಳಲ್ಲಿ ಬಿಡುಗಡೆಯಾಗಿ ಗಡೀಪಾರಾದರು.

ಒತ್ತಡದ ನಿಜವಾದ ಫಲವನ್ನು ಹುಡುಕಬೇಕಾದುದು ಬೇರೆಡೆಯಲ್ಲಿ. 1983ರ ಡಿಸೆಂಬರ್ 10ರಂದು ರಾಉಲ್ ಅಲ್ಫೊನ್ಸಿನ್ ಚುನಾಯಿತ ಅಧ್ಯಕ್ಷರಾಗಿ ಅಧಿಕಾರ ಸ್ವೀಕರಿಸಿ, ಕೆಲವೇ ದಿನಗಳಲ್ಲಿ, ಕಾಣೆಯಾದವರ ವಿಚಾರವಾಗಿ ರಾಷ್ಟ್ರೀಯ ಆಯೋಗವೊಂದನ್ನು ನೇಮಿಸಿದರು. ಕಾದಂಬರಿಕಾರ ಎರ್ನೆಸ್ಟೊ ಸಾಬಾತೊ ಅದರ ಅಧ್ಯಕ್ಷರು. ಸೇನೆ ಹೊರಡುವ ಮೊದಲು ತನ್ನ ಕಡತಗಳನ್ನು ನಾಶಮಾಡಲು ಅಪ್ಪಣೆ ಮಾಡಿತ್ತು. ಆದರೂ ಒಂಬತ್ತು ತಿಂಗಳಲ್ಲಿ ಆ ಆಯೋಗ 8,961 ಮಂದಿಯ ಹೆಸರುಗಳನ್ನು ಪ್ರಮಾಣೀಕರಿಸಿತು. ಮಾನವ ಹಕ್ಕುಗಳ ಸಂಘಗಳು ಹೇಳುವ ಸಂಖ್ಯೆ 30,000. ಇದು ಸಾಧ್ಯವಾದುದು ಏಕೆಂದರೆ ತಾಯಂದಿರ ಪಟ್ಟಿಗಳೂ, ಸಂಘಗಳ ದಾಖಲೆಗಳೂ, 1979ರ ದೂರುಗಳೂ, ಹೊರದೇಶಗಳಲ್ಲಿ ಬದುಕುಳಿದವರು ನುಡಿದ ಸಾಕ್ಷ್ಯಗಳೂ ಸೇನೆಯ ಕೈಗೆ ಎಟುಕದ ಕಡೆಗಳಲ್ಲಿ ಉಳಿದಿದ್ದುವು. ಯಂತ್ರವಿದ್ಯಾ ಶಾಲೆಗೆ ಬಂದ ಹಳೆಯ ಬಂದಿಗಳು ಲಿಫ್ಟು ಇದ್ದ ಜಾಗವನ್ನು ಗುರುತಿಸಿದರು. ಮರೆಮಾಚಲು ಮಾಡಿದ ರಿಪೇರಿಯೇ ಅಪರಾಧದ ಗುರುತಾಯಿತು. 1985ರಲ್ಲಿ ಒಂಬತ್ತು ಮಂದಿ ದಂಡನಾಯಕರ ಮೇಲೆ ಸೇನೆಗೆ ಸೇರದ ಸಾಮಾನ್ಯ ನ್ಯಾಯಾಲಯದಲ್ಲಿಯೇ ಬಹಿರಂಗ ವಿಚಾರಣೆ ನಡೆಯಿತು. ಹೂಲಿಯೊ ಸ್ತ್ರಾಸೇರಾ ಸರ್ಕಾರದ ಪರ ವಾದಿಸಿದರು. ಎಂಟುನೂರಕ್ಕೂ ಹೆಚ್ಚು ಸಾಕ್ಷಿಗಳು ನುಡಿದರು. ಸಾಕ್ಷಿಕಟ್ಟೆಯನ್ನು ಹತ್ತಿದವರಲ್ಲಿ ಪೆಟ್ರೀಶಿಯಾ ಡೇರಿಯನ್‌ರೂ ಒಬ್ಬರು. ಡಿಸೆಂಬರ್ 9ರಂದು ವಿದೆಲಾ, ಮಸ್ಸೇರಾ ಇಬ್ಬರಿಗೂ ಜೀವಾವಧಿ ಶಿಕ್ಷೆ, ಮೂವರಿಗೆ ಕಡಮೆ ಶಿಕ್ಷೆ, ನಾಲ್ವರಿಗೆ ಬಿಡುಗಡೆ ಎಂದು ತೀರ್ಪಾಯಿತು. ಆಮೇಲೆ ಕ್ಷಮೆಯ ಕಾನೂನುಗಳೂ ಮಾಫಿಯೂ ಬಂದುವು. 2003ರಲ್ಲಿ ಸಂಸತ್ತು ಆ ಕಾನೂನುಗಳನ್ನು ರದ್ದುಪಡಿಸಿ, 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದು, ವಿಚಾರಣೆಗಳು ಮತ್ತೆ ಮೊದಲಾದುವು.

ಆದುದರಿಂದ ನನ್ನ ನಿರ್ಣಯ ಇದು. ಸರ್ವಾಧಿಕಾರವನ್ನು ಕೆಡಹುವುದು ಅಂತರರಾಷ್ಟ್ರೀಯ ಒತ್ತಡದ ಶಕ್ತಿಗೆ ಮೀರಿದುದು. ಅದನ್ನು ಆ ಅಳತೆಯಿಂದ ಅಳೆದು ನಿಷ್ಫಲವೆನ್ನುವುದು ಅನ್ಯಾಯ. ಅದರ ಯೋಗ್ಯವಾದ ಕಾರ್ಯ ಸಾಕ್ಷ್ಯರಕ್ಷಣೆ. ಒಳಗೆ ನೊಂದವನು ದೂರು ಹೇಳಲು ಒಂದು ಸ್ಥಳವನ್ನೂ, ಹೇಳಿದ ದೂರು ಸುಡದೆ ಉಳಿಯಲು ಒಂದು ಭಂಡಾರವನ್ನೂ, ಹೇಳಿದವನು ಬದುಕಿರಲು ಎಷ್ಟೋ ಮಟ್ಟಿಗಿನ ರಕ್ಷೆಯನ್ನೂ ಅದು ಒದಗಿಸಬಲ್ಲುದು. ನ್ಯಾಯ ಮಾಡತಕ್ಕವರು ಆ ದೇಶದ ಜನರೇ.

ಇದಕ್ಕೆ ಎರಡು ಆಕ್ಷೇಪಗಳುಂಟು. ಮೊದಲನೆಯದು ಸಾರ್ವಭೌಮತ್ವದ್ದು: ನಮ್ಮ ಮನೆಯ ವಿಚಾರದಲ್ಲಿ ಹೊರಗಿನವರಿಗೆ ಏನು ಕೆಲಸ? ವಿದೆಲಾನ ವಾದವೂ ಇದೇ ಆಗಿತ್ತು. ಆದರೆ ಹೊರಗಿನವರನ್ನು ಕರೆದವರು ಯಾರೆಂಬುದನ್ನು ನೋಡಬೇಕು. ಆವೆನಿದಾ ದೆ ಮಾಯೊದಲ್ಲಿ ಸಾಲುಗಟ್ಟಿದವರು ಅಮೆರಿಕದವರಲ್ಲ, ಅರ್ಜೆಂಟೀನದ ಪ್ರಜೆಗಳು. ಸಾರ್ವಭೌಮತ್ವವೆಂಬುದು ಪ್ರಜೆಗಳದ್ದಾದರೆ, ಆ ಸಾಲು ಅದನ್ನು ಚಲಾಯಿಸಿತು. ದಂಡನಾಯಕರು ಅದನ್ನು ಅಪಹರಿಸಿದ್ದವರು. ಎರಡನೆಯ ಆಕ್ಷೇಪ ಇಬ್ಬಗೆಯ ನ್ಯಾಯದ್ದು: ಪ್ರಶ್ನಿಸುವ ರಾಷ್ಟ್ರಗಳ ಕೈಗಳೇ ಶುದ್ಧವಾಗಿಲ್ಲ, ಮಿತ್ರನ ಪಾಪವನ್ನು ಮುಚ್ಚಿ ಶತ್ರುವಿನ ಪಾಪವನ್ನು ಸಾರುತ್ತವೆ. ಈ ಮಾತು ಬಹುಮಟ್ಟಿಗೆ ನಿಜ. ವಾಷಿಂಗ್ಟನ್ನಿನ ಚರಿತ್ರೆಯನ್ನೂ ಮಾಸ್ಕೋದ ಚರಿತ್ರೆಯನ್ನೂ ಈಗ ತಾನೆ ಹೇಳಿದೆನು. ಆದರೆ ಅದರಿಂದ ಪ್ರಶ್ನಿಸುವವನಿಗೆ ಅವಮಾನವಾಗಬಹುದೇ ಹೊರತು, ಅಪರಾಧಿಗೆ ಬಿಡುಗಡೆಯಾಗದು. ಇದಕ್ಕೆ ಪರಿಹಾರವೂ ಅರ್ಜೆಂಟೀನದ ಪ್ರಸಂಗದಲ್ಲಿಯೇ ಇದೆ: ವಿಚಾರಣೆಯನ್ನು ಒಂದು ಬಲಿಷ್ಠ ರಾಷ್ಟ್ರದ ಮರ್ಜಿಗೆ ಬಿಡದೆ, ಎಲ್ಲರಿಗೂ ಸಮಾನವಾದ ನಿಯಮದ ಮೇಲೆ ನಡೆಯುವ ಆಯೋಗಗಳಿಗೆ ಒಪ್ಪಿಸಬೇಕು, ಬಲಿಷ್ಠರ ಬಲವು ಆಯೋಗಕ್ಕೆ ಬಾಗಿಲು ತೆರೆಯಿಸುವುದರಲ್ಲಿ ಮುಗಿಯಬೇಕು.

ನಮ್ಮ ರಾಷ್ಟ್ರವೂ ಅಂತರರಾಷ್ಟ್ರೀಯ ಸಭೆಗಳಲ್ಲಿ ಮತ ಹಾಕುವ ರಾಷ್ಟ್ರ. ಇಂತಹ ಪ್ರಶ್ನೆಗಳು ಬಂದಾಗ ನಮ್ಮ ಪ್ರತಿನಿಧಿಗಳು ಯಾರ ಪರ ಕೈಯೆತ್ತಿದರು, ಯಾವ ಕಾರಣಕ್ಕೆ ಎತ್ತಿದರು, ನೊಂದವರ ಮಾತನ್ನು ಕೇಳಿದ ಮೇಲೆ ಎತ್ತಿದರೋ ಕೇಳದೆಯೇ ಎತ್ತಿದರೋ ಎಂದು ವಿಚಾರಿಸುವುದು ಪ್ರಜೆಗಳ ಕರ್ತವ್ಯ. ವಿದೇಶನೀತಿಯೆಂಬುದು ದೂತರ ಕುಲವಿದ್ಯೆಯಲ್ಲ. ಆ ವಿಚಾರಣೆಯ ಅಭ್ಯಾಸವನ್ನು ಇಲ್ಲಿರುವ ವಿದ್ಯಾರ್ಥಿಗಳು ಕೈಕೊಂಡರೆ ಈ ದತ್ತಿಯ ಉದ್ದೇಶ ಸಾರ್ಥಕವಾಗುವುದು.